ಎಳೆಯ ಗಿಳಿಯ ಗರಿ ಉದುರುತ್ತಿದೆ: ಸಹಜವೋ, ತೊಂದರೆಯೋ ಪತ್ತೆ ಹಚ್ಚುವುದು ಹೇಗೆ

ಬೆಳಿಗ್ಗೆ ಪಂಜರದ ತಳ ನೋಡಿದರೆ ರಾಶಿ ಪುಕ್ಕ. ಹಕ್ಕಿ ತಂದು ಇನ್ನೂ ಎರಡು ತಿಂಗಳೂ ಆಗಿಲ್ಲ. ಮನೆಯಲ್ಲಿ ಒಬ್ಬರು "ಶೆಕಿಗೆ ಹಿಂಗಾಗತೈತಿ" ಅನ್ನುತ್ತಾರೆ. ಇನ್ನೊಬ್ಬರು ದೃಷ್ಟಿ ತೆಗೆಯಲು ಉಪ್ಪು ಹಿಡಿದು ಬರುತ್ತಾರೆ. ಅಂಗಡಿಯವರನ್ನು ಕೇಳಿದರೆ ಒಂದು ಟಾನಿಕ್ ಬಾಟಲಿ ಕೊಟ್ಟು ಕಳಿಸುತ್ತಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ಹಕ್ಕಿ ಸಾಕುವವರಿಂದ ನನಗೆ ಬರುವ ಫೋಟೋಗಳಲ್ಲಿ ಜಾಸ್ತಿ ಇರುವುದು ಇಂಥ ರಾಶಿಯೇ. ಆ ಫೋಟೋದಿಂದ ಏನೂ ತಿಳಿಯುವುದಿಲ್ಲ. ಎಷ್ಟು ಗರಿ ಬಿತ್ತು ಅನ್ನುವುದು ಬಿಡಿ. ಬಿದ್ದ ಜಾಗದಲ್ಲಿ ಈಗ ಏನು ಬರುತ್ತಿದೆ? ಕೆಳಗಿನ ಪರೀಕ್ಷೆಗಳೆಲ್ಲ ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ.

ಇಲ್ಲಿ ಹೇಳುವುದು ಬಡ್ಜಿ, ಕಾಕಟೀಲ್, ಆಫ್ರಿಕನ್ ಲವ್ ಬರ್ಡ್, ಸನ್ ಕನ್ಯೂರ್ ಥರದ ಹೊರದೇಶದ ಗಿಳಿ ಜಾತಿಯ ಹಕ್ಕಿಗಳ ಬಗ್ಗೆ. ಧಾರವಾಡದ ಮರಗಳಲ್ಲಿ ಕಿರುಚಾಡುವ ನಮ್ಮ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅದರ ಮರಿ ಕೆಳಗೆ ಬಿದ್ದು ಸಿಕ್ಕರೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು, ಪಂಜರ ತರಬಾರದು. ಸನ್ ಕನ್ಯೂರ್ ಇಟ್ಟುಕೊಂಡವರು 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಬಡ್ಜಿ, ಕಾಕಟೀಲ್‌ಗಳಿಗೆ ಅದು ಬೇಕಿಲ್ಲ.

ಮೊದಲು ವಯಸ್ಸು ಗೊತ್ತಿರಲಿ

ಗೂಡಿನಲ್ಲಿದ್ದಾಗ ಮೂಡಿದ ಗರಿಗಳು ಅವಸರದಲ್ಲಿ ಬೆಳೆದವು. ಕೆಲವೇ ವಾರಗಳಲ್ಲಿ ಇಡೀ ಮೈ ಮುಚ್ಚಬೇಕಲ್ವಾ? ಹಾಗಾಗಿ ಅವು ಸ್ವಲ್ಪ ಮೆತ್ತಗೆ, ಬಣ್ಣವೂ ಮಂಕು. ಹಕ್ಕಿ ಹಾರಲು, ತಿನ್ನಲು ಕಲಿತ ಮೇಲೆ ಅವನ್ನು ಕಳಚಿ ಗಟ್ಟಿ ಗರಿ ಹಾಕಿಕೊಳ್ಳುತ್ತದೆ. ಸಾಕುವವರೆಲ್ಲ ಇದಕ್ಕೆ ಮೋಲ್ಟಿಂಗ್ ಅಂತಲೇ ಅನ್ನುತ್ತಾರೆ. ಬಡ್ಜಿಗೆ ಇದು ಮೂರು-ನಾಲ್ಕು ತಿಂಗಳಿಗೆ ಶುರುವಾಗುತ್ತದೆ. ಕಾಕಟೀಲ್‌ಗೆ ಆರು ತಿಂಗಳ ಆಸುಪಾಸಿನಲ್ಲಿ. ಸನ್ ಕನ್ಯೂರ್ ಮರಿ ಹಸಿರು ಹಸಿರಾಗಿರುತ್ತದೆ. ಪೂರ್ತಿ ಹಳದಿ-ಕಿತ್ತಳೆ ಬಣ್ಣಕ್ಕೆ ತಿರುಗಲು ಒಂದೂವರೆ-ಎರಡು ವರ್ಷ ಹಿಡಿಯುತ್ತದೆ.

ಅಂಗಡಿಯಲ್ಲಿ ಹೇಳಿದ ವಯಸ್ಸನ್ನು ಪೂರ್ತಿ ನಂಬಬೇಡಿ. ಬಡ್ಜಿಯನ್ನೂ ಅಲ್ಲಿ ಲವ್ ಬರ್ಡ್ಸ್ ಅಂತಲೇ ಮಾರುತ್ತಾರೆ, ಇನ್ನು ವಯಸ್ಸಿನ ಲೆಕ್ಕ ಎಲ್ಲಿಂದ ಬರಬೇಕು? ಹಕ್ಕಿಯ ಮುಖವನ್ನೇ ನೋಡಿ. ಮರಿ ಬಡ್ಜಿಯ ಹಣೆಯ ಮೇಲೆ ಕೊಕ್ಕಿನ ಬುಡದವರೆಗೂ ಅಡ್ಡಗೆರೆಗಳಿರುತ್ತವೆ. ಮೊದಲ ಸಲ ಗರಿ ಬದಲಾದಾಗ ಹಣೆ ಖಾಲಿಯಾಗಿ ಒಂದೇ ಬಣ್ಣ ಬರುತ್ತದೆ. ಪೂರ್ತಿ ಹಳದಿ ಅಥವಾ ಬಿಳಿ ಬಡ್ಜಿಯಲ್ಲಿ ಈ ಗುರುತು ಸಿಗುವುದಿಲ್ಲ. ಪೀಚ್ ಬಣ್ಣದ ಮುಖದ ಲವ್ ಬರ್ಡ್ ಮರಿಗೆ ಕೊಕ್ಕಿನ ಬುಡದಲ್ಲಿ ಕಪ್ಪು ಮಸಿ ಇರುತ್ತದೆ, ಬೆಳೆಯುತ್ತ ಮಾಸುತ್ತದೆ. ಬೂದು ಕಾಕಟೀಲ್ ಗಂಡಾಗಿದ್ದರೆ ಮೊದಲ ಮೋಲ್ಟಿಂಗ್‌ನಲ್ಲಿ ಮುಖ ಹಳದಿಯಾಗುತ್ತದೆ, ಬಾಲದಡಿಯ ಪಟ್ಟೆಗಳು ಹೋಗುತ್ತವೆ. ಬರುತ್ತಿರುವ ಹೊಸ ಗರಿಯ ಬಣ್ಣ ಹೀಗೆ ಬದಲಾಗುತ್ತಿದ್ದರೆ ಅರ್ಧ ಚಿಂತೆ ಬಿಟ್ಟುಬಿಡಿ.

ಐದಾರು ವಾರದ ಮರಿಯಲ್ಲಿ ಗರಿ ಇಲ್ಲದಿದ್ದರೆ ಅದು ಮೋಲ್ಟಿಂಗ್ ಅಲ್ಲ. ಕುತ್ತಿಗೆಯ ಹಿಂಭಾಗ, ಬೆನ್ನು ಬೋಳಾಗಿದ್ದರೆ ಗೂಡಿನಲ್ಲಿ ತಂದೆ-ತಾಯಿ ಹಕ್ಕಿಗಳೇ ಕಿತ್ತಿರುತ್ತವೆ. ಕಾಕಟೀಲ್‌ನಲ್ಲಿ ಇದು ತುಂಬಾ ಸಾಮಾನ್ಯ. ಬೇರೆ ಮಾಡಿದ ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಕೈಯಿಂದ ಗಂಜಿ ಕುಡಿಸಿ ಬೆಳೆಸಿದ ಮರಿಯಾದರೆ ಎದೆಯ ಗರಿಗೆ ಗಂಜಿ ಅಂಟಿ, ಒಣಗಿ, ಗಂಟು ಕಟ್ಟಿ ಮುರಿಯುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ದಿನಾ ಒರೆಸಿದರೆ ಸಾಕು. ಇನ್ನೊಂದು ವಿಷಯ: ಲುಟಿನೋ, ಅಂದರೆ ಕೆಂಪು ಕಣ್ಣಿನ ಬಿಳಿ-ಹಳದಿ ಕಾಕಟೀಲ್‌ಗಳಲ್ಲಿ ಜುಟ್ಟಿನ ಹಿಂದೆ ಒಂದು ಬೋಳು ಚುಕ್ಕೆ ಹುಟ್ಟಿನಿಂದಲೇ ಇರಬಹುದು. ಅದು ತಳಿಯ ಗುಣ. ಅಲ್ಲಿಗೆ ಏನು ಹಚ್ಚಿದರೂ ಗರಿ ಬರುವುದಿಲ್ಲ.

ಬಿದ್ದ ಗರಿಯನ್ನು ಬೆಳಕಿಗೆ ಹಿಡಿಯಿರಿ

ನವನಗರದ ಒಬ್ಬ ಕಾಲೇಜು ಹುಡುಗ ಒಂದು ಬಿಸ್ಕತ್ ಪೊಟ್ಟಣದ ತುಂಬ ತನ್ನ ಕಾಕಟೀಲ್‌ನ ಗರಿ ತಂದಿದ್ದ. "ಅಣ್ಣಾರ, ಹಿಂಗ ಉದರಿದ್ರ ಪೂರಾ ಬೋಳ ಆಗತೈತಲ್ರೀ?" ಅಂತ ಅವನ ಗಾಬರಿ. ಪೇಪರ್ ಹಾಸಿ ಸುರಿದೆವು. ಮೊದಲಿಗೆ ಎಲ್ಲ ಒಂದೇ ಥರ ಕಂಡವು. ಒಂದೊಂದನ್ನೇ ಕಿಟಕಿ ಬೆಳಕಿಗೆ ಹಿಡಿದು ಬೇರೆ ಬೇರೆ ಇಡುತ್ತ ಹೋದಾಗ ಮೂರು ಗುಂಪಾದವು. ಹೆಚ್ಚಿನವು ಸಣ್ಣ ಮೈಗರಿ. ಬುಡ ಒಣಗಿತ್ತು, ತುದಿ ಚೂಪು, ಒಳಗೆ ಟೊಳ್ಳು, ಬೆಳಕು ಆಚೆಯಿಂದ ಕಾಣುತ್ತಿತ್ತು. ಇವು ತಾವಾಗಿ ಕಳಚಿದವು, ಏನೂ ತೊಂದರೆ ಇಲ್ಲ. ಎರಡನೆಯ ಗುಂಪಿನಲ್ಲಿ ಬಾಲದ ಉದ್ದ ಗರಿಗಳ ತುಂಡುಗಳು. ಅವಕ್ಕೆ ಬುಡವೇ ಇರಲಿಲ್ಲ. ಅಂಚು ಸವೆದು ಎಳೆ ಎಳೆ ಬಿಟ್ಟಿತ್ತು, ಮೇಲೆ ಹಿಕ್ಕೆ ಮೆತ್ತಿಕೊಂಡಿತ್ತು. ಅಂದರೆ ಉದುರಿದ್ದಲ್ಲ, ಮುರಿದದ್ದು. ಹಕ್ಕಿಯ ಬಾಲ ತಂತಿಗೆ ಉಜ್ಜುವಷ್ಟು ಪಂಜರ ಸಣ್ಣದು. ಮೂರನೆಯದರಲ್ಲಿ ಇದ್ದದ್ದು ಒಂದೇ ಗರಿ. ಅದರ ಬುಡ ಮೆತ್ತಗಿತ್ತು, ಒಳಗೆ ಒಣಗಿದ ಕಪ್ಪು ರಕ್ತ. ಅದು ಬೆಳೆಯುತ್ತಿರುವಾಗಲೇ ಕಿತ್ತು ಬಂದದ್ದು. ಕೇಳಿದರೆ, ಹಿಂದಿನ ವಾರ ಹಕ್ಕಿ ಫ್ಯಾನಿಗೆ ಹೆದರಿ ಕಪಾಟಿನ ಹಿಂದೆ ಬಿದ್ದಿತ್ತಂತೆ.

ಹೀಗೆ ಒಂದೇ ಹಕ್ಕಿಯಲ್ಲಿ ಮೂರು ಕಾರಣ ಒಟ್ಟಿಗೆ ಇರಬಹುದು. ಅದಕ್ಕೇ ಗರಿಯನ್ನು ಗುಡಿಸಿ ಎಸೆಯುವ ಮೊದಲು ಬುಡ ನೋಡಿ ಅನ್ನುವುದು. ತುದಿಯಲ್ಲಿ ಸಣ್ಣ ಸಣ್ಣ ಕಚ್ಚು ಕಂಡರೆ, ದಂಟು ಸೀಳಿದ್ದರೆ ಹಕ್ಕಿ ಅಗಿದಿದೆ ಎಂದು ಅರ್ಥ. ಗರಿಗೆ ಅಡ್ಡಲಾಗಿ ಕೂದಲೆಳೆಯಷ್ಟು ತೆಳ್ಳನೆಯ ಗೆರೆ ಕಂಡರೆ ಆ ಭಾಗ ಬೆಳೆಯುತ್ತಿದ್ದಾಗ ಹಕ್ಕಿಗೆ ಕಷ್ಟ ಬಂದಿತ್ತು. ಹೊಟ್ಟೆಗೆ ಸಾಲದೆ ಇದ್ದಿರಬಹುದು, ಕಾಯಿಲೆ ಇದ್ದಿರಬಹುದು, ಊರಿಂದ ಊರಿಗೆ ಸಾಗಿಸಿದ್ದಿರಬಹುದು. ಒಂದೆರಡು ಗರಿಯಲ್ಲಿ ಇದ್ದರೆ ಅದು ಮುಗಿದ ಕಥೆ. ಹೊಸದಾಗಿ ಬರುವ ಎಲ್ಲ ಗರಿಗಳಲ್ಲೂ ಗೆರೆ ಇದ್ದರೆ ಕಷ್ಟ ಇನ್ನೂ ನಡೆಯುತ್ತಿದೆ.

ಬುಡ ಹಿಸುಕಿದ ಹಾಗೆ ಸಣ್ಣಗಾಗಿದ್ದರೆ, ಪೂರ್ತಿ ಬೆಳೆದ ಗರಿಯ ದಂಟಿನಲ್ಲೂ ರಕ್ತ ನಿಂತಿದ್ದರೆ, ಗರಿ ಸುರುಳಿ ಸುತ್ತಿ ಗಿಡ್ಡವಾಗಿದ್ದರೆ ಆ ಗರಿಯನ್ನು ಎತ್ತಿಡಿ. ಅದು ವೈದ್ಯರಿಗೆ ಬೇಕು. ಕಾರಣ ಕೆಳಗೆ ಬರುತ್ತದೆ.

ಬಿದ್ದ ಜಾಗದಲ್ಲಿ ಏನಿದೆ

ಸರಿಯಾದ ಮೋಲ್ಟಿಂಗ್‌ನಲ್ಲಿ ಬೋಳು ಚರ್ಮ ಕಾಣಬಾರದು. ಹಕ್ಕಿ ಕಳೆಗುಂದಿ, ಅಲ್ಲಲ್ಲಿ ಕೆದರಿದ ಹಾಗೆ ಕಾಣಬಹುದು, ಆದರೆ ಗುಲಾಬಿ ಚರ್ಮ ಇಣುಕಬಾರದು. ಹಾರಾಟವೂ ನಿಲ್ಲಬಾರದು. ಹಳೆಯದು ಬಿದ್ದ ಕಡೆ ಕೆಲವೇ ದಿನಗಳಲ್ಲಿ ಮುಳ್ಳುಗರಿ ಮೂಡುತ್ತದೆ. ಮುರಿದ ಶಾವಿಗೆ ಎಳೆಯಂತೆ ಬೆಳ್ಳಗೆ, ಗಟ್ಟಿಯಾಗಿ ಇರುತ್ತದೆ. ಅದು ಗರಿಯ ಮೇಲಿನ ಕವಚ. ಬುಡದಲ್ಲಿ ರಕ್ತ ಓಡುತ್ತಿರುವಾಗ ಕಪ್ಪು-ನೀಲಿ ಬಣ್ಣ ಕಾಣುತ್ತದೆ. ಗರಿ ಬೆಳೆದಂತೆ ರಕ್ತ ಹಿಂದೆ ಸರಿಯುತ್ತದೆ, ಕವಚ ಒಣಗಿ ಪುಡಿಯಾಗುತ್ತದೆ, ಒಳಗಿಂದ ಗರಿ ಅರಳುತ್ತದೆ. ಹಕ್ಕಿ ಇಡೀ ದಿನ ಕೊಕ್ಕಿನಿಂದ ಮೈ ಕೆದಕುತ್ತ ಕೂರುವುದು ಈ ಕವಚ ತೆಗೆಯಲು. ಕೆಳಗೆ ಬೀಳುವ ಬಿಳಿ ಹೊಟ್ಟು ಅದೇ. ಹುಳು ಅಂತ ಗಾಬರಿಯಾಗಬೇಡಿ. ಕಾಕಟೀಲ್ ಇದ್ದ ಮನೆಯಲ್ಲಿ ಇದರ ಜೊತೆ ಮೈಯ ಪೌಡರೂ ಉದುರುತ್ತದೆ, ಕಪ್ಪು ಅಂಗಿ ಹಾಕಿಕೊಂಡು ಹೆಗಲ ಮೇಲೆ ಕೂರಿಸಿಕೊಂಡವರಿಗೆ ಗೊತ್ತು.

ಮೈಯ ಸಣ್ಣ ಗರಿ ಎರಡು-ಮೂರು ವಾರದಲ್ಲಿ ತಯಾರು. ರೆಕ್ಕೆ, ಬಾಲದ ಉದ್ದ ಗರಿಗೆ ಒಂದು ತಿಂಗಳಿಗೂ ಮೇಲೆ ಬೇಕು. ಆದ್ದರಿಂದ ನೋಡುವ ಕ್ರಮ ಹೀಗಿರಲಿ: ಇವತ್ತು ಒಂದು ಫೋಟೋ, ಹತ್ತು ದಿನ ಬಿಟ್ಟು ಅದೇ ಜಾಗದ, ಅದೇ ಬೆಳಕಿನ ಇನ್ನೊಂದು ಫೋಟೋ. ಮುಳ್ಳುಗರಿ ಕಂಡರೆ ಸುಮ್ನೆ ಬಿಡಿ. ಮೂರು ವಾರವಾದರೂ ಆ ಜಾಗ ಖಾಲಿ ಇದ್ದರೆ, ಅಥವಾ ಮುಳ್ಳುಗರಿ ಮೂಡಿ ಕವಚ ಬಿಡದೆ ಹಾಗೇ ನಿಂತಿದ್ದರೆ ತೊಂದರೆ ಇದೆ.

ರೆಕ್ಕೆಯನ್ನು ಬಿಡಿಸಿ ನೋಡಿದರೆ ಇನ್ನೂ ಸ್ಪಷ್ಟ. ಉದ್ದ ಗರಿಗಳು ಎಡಕ್ಕೊಂದು ಬಿದ್ದರೆ ಬಲಕ್ಕೂ ಅದೇ ಸ್ಥಾನದ್ದು ಆಚೀಚೆ ದಿನಗಳಲ್ಲಿ ಬೀಳುತ್ತದೆ, ಇಲ್ಲದಿದ್ದರೆ ಹಾರುವಾಗ ತೂಕ ತಪ್ಪುತ್ತದೆ. ರೆಕ್ಕೆಯ ಹೊರಗಿನ 10 ಉದ್ದ ಗರಿಗಳಲ್ಲಿ ಗಿಳಿಗಳು ನಡುವಿನದನ್ನು ಮೊದಲು ಬೀಳಿಸಿ, ಅಲ್ಲಿಂದ ಎರಡೂ ಕಡೆಗೆ ಸರದಿ ಪ್ರಕಾರ ಬದಲಿಸುತ್ತ ಹೋಗುತ್ತವೆ. ಎಳೆ ಹಕ್ಕಿಗಳಲ್ಲಿ ಮೊದಲ ಸಲ ಮೈಗರಿ ಮಾತ್ರ ಬದಲಾಗಿ ಉದ್ದ ಗರಿಗಳು ಆಮೇಲೆ ಬದಲಾಗುವುದೂ ಉಂಟು. ಒಂದೇ ಕಡೆಯ ರೆಕ್ಕೆ ಖಾಲಿಯಾಗಿದ್ದರೆ ಪೆಟ್ಟು ಬಿದ್ದಿದೆ, ಇಲ್ಲವೇ ಆ ಕಡೆಯನ್ನು ಹಕ್ಕಿಯೇ ಕಿತ್ತಿದೆ.

ಇದಕ್ಕೆ ಒಂದು ಅಪವಾದ ಇದೆ, ಅದನ್ನು ಮರೆಯಬಾರದು. ಗೂಡಿನಿಂದ ಆಗಷ್ಟೇ ಹೊರಬಂದ ಬಡ್ಜಿ ಮರಿಯ ಎರಡೂ ರೆಕ್ಕೆಯ ಉದ್ದ ಗರಿ ಮತ್ತು ಬಾಲ ಒಟ್ಟಿಗೆ ಉದುರಿ, ಅದು ಹಾರದೆ ನೆಲದ ಮೇಲೆ ಓಡಾಡಿಕೊಂಡಿದ್ದರೆ ಎಡ-ಬಲ ಸಮ ಇದೆ ಅಂತ ಸಮಾಧಾನ ಪಡಬೇಡಿ. ಇದು ಫ್ರೆಂಚ್ ಮೋಲ್ಟ್ ಅನ್ನುವ ಕಾಯಿಲೆ. ಪಾಲಿಯೋಮಾ ವೈರಸ್‌ನಿಂದ ಅಥವಾ ಸರ್ಕೋ ವೈರಸ್‌ನಿಂದ ಬರುತ್ತದೆ. ಕೆಲವು ಮರಿಗಳಿಗೆ ಮತ್ತೆ ಗರಿ ಬರುತ್ತದೆ, ಕೆಲವಕ್ಕೆ ಬರುವುದೇ ಇಲ್ಲ. ಅಂಥ ಮರಿಯನ್ನು ಉಳಿದ ಹಕ್ಕಿಗಳ ಜೊತೆ ಬಿಡಬಾರದು.

ತಲೆಯ ಪರೀಕ್ಷೆ

ನನ್ನ ಪ್ರಕಾರ ಇಡೀ ಪತ್ತೆಗಾರಿಕೆಯಲ್ಲಿ ಇಷ್ಟು ಸುಲಭದ, ಇಷ್ಟು ಉಪಯೋಗದ ಪರೀಕ್ಷೆ ಇನ್ನೊಂದಿಲ್ಲ. ಹಕ್ಕಿಯ ಕೊಕ್ಕು ಅದರ ತಲೆಗೆ ಎಟಕುವುದಿಲ್ಲ. ಎದೆ, ಹೊಟ್ಟೆ, ರೆಕ್ಕೆಯ ಒಳಭಾಗ, ತೊಡೆ ಬೋಳಾಗಿ ತಲೆ ಮಾತ್ರ ತುಂಬು ಗರಿಯಿಂದ ಚೆಂದ ಇದ್ದರೆ ಹಕ್ಕಿ ತಾನೇ ಕಿತ್ತುಕೊಳ್ಳುತ್ತಿದೆ. ತಲೆಯೂ ಬೋಳಾಗಿದ್ದರೆ, ಲುಟಿನೋದ ಆ ಚುಕ್ಕೆ ಬಿಟ್ಟು, ಎರಡೇ ಸಾಧ್ಯತೆ: ಜೊತೆಗಿರುವ ಹಕ್ಕಿ ಕೀಳುತ್ತಿದೆ, ಅಥವಾ ಕಾಯಿಲೆ. ಎರಡು ಹಕ್ಕಿ ಇದ್ದರೆ ಒಂದು ವಾರ ಬೇರೆ ಪಂಜರದಲ್ಲಿ, ಒಂದಕ್ಕೊಂದು ಕಾಣುವಂತೆ ಇಡಿ. ತಲೆಯ ಮೇಲೆ ಮುಳ್ಳುಗರಿ ಬಂದರೆ ಕಳ್ಳ ಸಿಕ್ಕಂತಾಯಿತು.

ಒಂಟಿ ಹಕ್ಕಿಗೆ ಮೋಲ್ಟಿಂಗ್ ಸಮಯದಲ್ಲಿ ತಲೆ, ಕುತ್ತಿಗೆ ತುಂಬ ಮುಳ್ಳುಗರಿ ಉಳಿದುಬಿಡುತ್ತದೆ. ತೆಗೆಯಲು ಜೊತೆಗಾರ ಇಲ್ಲವಲ್ಲ. ಅದೂ ಕಾಯಿಲೆ ಅಲ್ಲ. ಬೆರಳಿನಿಂದ ಮೆಲ್ಲಗೆ ಉಜ್ಜಿಕೊಡಬಹುದು, ಆದರೆ ಕವಚ ಬುಡದವರೆಗೂ ಬೆಳ್ಳಗೆ ಒಣಗಿದ ಮೇಲೆ ಮಾತ್ರ. ಅದಕ್ಕೂ ಮೊದಲು ಮುಟ್ಟಿದರೆ ನೋವಾಗುತ್ತದೆ, ಹಕ್ಕಿ ಕಚ್ಚುತ್ತದೆ. ಈ ದಿನಗಳಲ್ಲಿ ಹಕ್ಕಿ ಸಿಟ್ಟಾಗಿದ್ದರೆ, ಹೆಗಲಿಗೆ ಬರಲು ಒಲ್ಲೆ ಅಂದರೆ ಬಿಟ್ಟುಬಿಡಿ.

ತಾನೇ ಕಿತ್ತುಕೊಳ್ಳುವ ಹಕ್ಕಿಗೆ ಬೇಸರ ಒಂದೇ ಕಾರಣ ಅನ್ನುವ ಮಾತು ಎಲ್ಲ ಕಡೆ ಇದೆ. ನಾನು ಅದನ್ನು ಕೊನೆಗೆ ಇಡುತ್ತೇನೆ. ಮೊದಲು ಹುಳುವಿನ ಪರೀಕ್ಷೆ ಮಾಡಿ. ರಾತ್ರಿ ಪಂಜರದ ಮೇಲೆ ಬಿಳಿ ಬಟ್ಟೆ ಹೊದಿಸಿ, ಬೆಳಕು ಹರಿಯುವ ಮುಂಚೆ ಟಾರ್ಚ್ ಹಿಡಿದು ಬಟ್ಟೆಯ ಮಡಿಕೆ ನೋಡಿ. ಓಡಾಡುವ ಕೆಂಪು ಚುಕ್ಕೆಗಳಿದ್ದರೆ ರಕ್ತ ಹೀರುವ ಕೆಂಪು ನುಸಿ. ಇವು ಹಗಲಿನಲ್ಲಿ ಕಟ್ಟಿಗೆಯ ಸಂದಿಯಲ್ಲಿ ಅಡಗಿರುತ್ತವೆ, ಹಕ್ಕಿಯ ಮೈ ಮೇಲೆ ಹುಡುಕಿದರೆ ಸಿಗುವುದಿಲ್ಲ. ಬಡ್ಜಿಯ ಕೊಕ್ಕು, ಕಾಲಿನ ಮೇಲೆ ಸಣ್ಣ ತೂತುಗಳಿರುವ ಬಿಳಿ ಹೊರಪೊರೆ ಕಟ್ಟಿದ್ದರೆ ಅದು ಬೇರೆ ನುಸಿ. ಎರಡಕ್ಕೂ ಔಷಧಿ ಇದೆ, ಆದರೆ 35 ಗ್ರಾಂ ಹಕ್ಕಿಗೆ ಹನಿ ಲೆಕ್ಕ ತಪ್ಪಿದರೆ ಜೀವಕ್ಕೇ ಅಪಾಯ. ದನಕ್ಕೆ ತಂದ ಔಷಧಿಯನ್ನು ಅಂದಾಜಿನ ಮೇಲೆ ಹಾಕಬೇಡಿ. ಪಂಜರದಲ್ಲಿ ಡಾಂಬರು ಗುಳಿಗೆ ಕಟ್ಟುವುದಂತೂ ಬೇಡವೇ ಬೇಡ, ಅದರ ಹಬೆ ಹಕ್ಕಿಗೆ ವಿಷ. ಬೋಳಾದ ಜಾಗಕ್ಕೆ ಕೊಬ್ಬರಿ ಎಣ್ಣೆ, ಹರಳೆಣ್ಣೆ ಹಚ್ಚುವವರಿದ್ದಾರೆ. ಎಣ್ಣೆ ಸುತ್ತಲಿನ ಗರಿಗೆ ಹರಡಿ, ಗರಿ ಅಂಟಿಕೊಂಡು, ಮೈ ಬಿಸಿ ಉಳಿಯುವುದಿಲ್ಲ.

ರೆಕ್ಕೆ ಕತ್ತರಿಸಿದ ಮರಿ

ಮಾರುವಾಗ ಹಾರಿಹೋಗದಿರಲಿ ಅಂತ ರೆಕ್ಕೆ ಕತ್ತರಿಸಿ ಕೊಡುತ್ತಾರೆ. "ಮೂರು ತಿಂಗಳಾತು, ಇನ್ನೂ ಹಾರವಲ್ದು" ಅನ್ನುವ ದೂರಿನ ಮೂಲ ಸಾಮಾನ್ಯವಾಗಿ ಇಲ್ಲಿರುತ್ತದೆ. ಕಿತ್ತು ಬಂದ ಗರಿಯ ಜಾಗದಲ್ಲಿ ಬೇಗ ಹೊಸದು ಮೂಡುತ್ತದೆ. ಕತ್ತರಿಸಿದ್ದು ಹಾಗಲ್ಲ, ಮೊಂಡು ದಂಟು ಮುಂದಿನ ಮೋಲ್ಟಿಂಗ್‌ವರೆಗೂ ಅಲ್ಲೇ ಕೂತಿರುತ್ತದೆ. ಅದರ ಚೂಪು ತುದಿ ಪಕ್ಕೆಗೆ ಚುಚ್ಚಿ ಹಕ್ಕಿ ಅಲ್ಲೇ ಕೆದಕಲು ಶುರು ಮಾಡುತ್ತದೆ. ಇನ್ನೊಂದು ತೊಂದರೆಯೂ ಇದೆ. ಹೊಸ ಗರಿ ರಕ್ತ ತುಂಬಿ ಬರುವಾಗ ಅಕ್ಕಪಕ್ಕದ ಉದ್ದ ಗರಿಗಳು ಅದಕ್ಕೆ ಆಸರೆ. ಅವೇ ಇಲ್ಲದಿದ್ದರೆ ಒಂಟಿ ಮುಳ್ಳುಗರಿ ತಂತಿಗೆ ತಾಗಿ ಮುರಿಯುತ್ತದೆ, ರಕ್ತ ಬರುತ್ತದೆ, ಮತ್ತೆ ಮೂಡುತ್ತದೆ, ಮತ್ತೆ ಮುರಿಯುತ್ತದೆ. ಇಂಥ ಮರಿಗೆ ಕಡ್ಡಿಗಳನ್ನು ಕೆಳಗೆ ಕಟ್ಟಿ, ತಳಕ್ಕೆ ದಪ್ಪ ಬಟ್ಟೆ ಹಾಸಿ. ಮತ್ತೆ ಕತ್ತರಿ ಹಾಕಿಸಬೇಡಿ.

ರಕ್ತ ಬಂದರೆ ಗಾಬರಿಯಾಗದೆ ಕೆಲಸ ಮಾಡಿ. ದೀಪ ಕಡಿಮೆ ಮಾಡಿ, ಹಕ್ಕಿಯನ್ನು ತೆಳು ಟವೆಲಿನಲ್ಲಿ ಎದೆ ಒತ್ತದಂತೆ ಹಿಡಿಯಿರಿ. ಎದೆ ಒತ್ತಿದರೆ ಉಸಿರಾಡಲಾಗುವುದಿಲ್ಲ. ಮುರಿದ ಗರಿಯ ತುದಿಗೆ ಕಾರ್ನ್ ಫ್ಲೋರ್ ಮೆತ್ತಿ, ಹತ್ತಿಯಿಂದ ಕೆಲವು ನಿಮಿಷ ಒತ್ತಿ ಹಿಡಿಯಿರಿ. ರೊಟ್ಟಿಯ ಜೋಳದ ಹಿಟ್ಟು ತರಿ ಇರುತ್ತದೆ, ಅದು ಬೇಡ. 35 ಗ್ರಾಂ ಬಡ್ಜಿಯ ಮೈಯಲ್ಲಿರುವ ಒಟ್ಟು ರಕ್ತ ಮೂರೂವರೆ ಮಿಲಿ ಲೀಟರ್ ಆಸುಪಾಸು. 20 ಹನಿ ಅಂದರೆ ಒಂದು ಮಿಲಿ ಲೀಟರ್. ಹನಿ ನಿಲ್ಲದಿದ್ದರೆ ಕಾಯಬೇಡಿ, ವೈದ್ಯರ ಹತ್ತಿರ ಓಡಿ. ಗರಿಯನ್ನು ಬುಡಸಮೇತ ಕೀಳುವ ಕೆಲಸವನ್ನೂ ಅವರಿಗೇ ಬಿಡಿ.

ನಿಲ್ಲದ ಮೋಲ್ಟಿಂಗ್

ಒಂದೂವರೆ-ಎರಡು ತಿಂಗಳಾದರೂ ಉದುರುವುದು ನಿಲ್ಲದಿದ್ದರೆ ಮನೆಯ ದೀಪ ನೋಡಿ. ಧಾರವಾಡದ ಒಂದು ಮನೆಯಲ್ಲಿ ಬಡ್ಜಿ ಪಂಜರವನ್ನು ಹಾಲ್‌ನಲ್ಲಿ, ಟಿವಿಯ ಪಕ್ಕದ ಮೊಳೆಗೆ ನೇತು ಹಾಕಿದ್ದರು. ಸಂಜೆ ಧಾರಾವಾಹಿ, ಆಮೇಲೆ ಸುದ್ದಿ, ಆಮೇಲೆ ಹುಡುಗರ ಓದು. ಟ್ಯೂಬ್‌ಲೈಟ್ ಆರುವಾಗ ರಾತ್ರಿ ಹನ್ನೆರಡು. ಬೆಳಿಗ್ಗೆ ಐದಕ್ಕೆ ಅಂಗಳ ಸಾರಿಸಲು ಮತ್ತೆ ದೀಪ. ಆ ಮನೆಯ ಅಕ್ಕಾರು ಮೂರು ಥರದ ಕಾಳು ಬದಲಿಸಿ ನೋಡಿದ್ದರು, ನೀರಿಗೆ ಬೇವಿನ ಎಲೆ ಹಾಕಿದ್ದರು. ಪಂಜರವನ್ನು ಹಿತ್ತಲ ಕೋಣೆಗೆ ಸಾಗಿಸಿ, ಸಂಜೆ ಏಳಕ್ಕೆ ಬಟ್ಟೆ ಮುಚ್ಚಲು ಹೇಳಿದೆ. ಉದುರುವುದು ನಿಂತಿತು. ಮೋಲ್ಟಿಂಗ್ ಯಾವಾಗ ಶುರುವಾಗಬೇಕು, ಯಾವಾಗ ನಿಲ್ಲಬೇಕು ಅನ್ನುವುದಕ್ಕೆ ಹಗಲಿನ ಉದ್ದವೇ ದೊಡ್ಡ ಸೂಚನೆ. ಎಳೆ ಹಕ್ಕಿಗೆ ರಾತ್ರಿ 10ರಿಂದ 12 ಗಂಟೆ ಕತ್ತಲೆ ಬೇಕು.

ಒಂದೇ ರಾತ್ರಿಯಲ್ಲಿ ಬಾಲವೆಲ್ಲ ಬಿದ್ದಿದ್ದರೆ ಅದು ಭಯ. ದೀಪಾವಳಿ ಪಟಾಕಿ, ಮದುವೆ ಮೆರವಣಿಗೆಯ ಡಿಜೆ, ಕತ್ತಲಲ್ಲಿ ಹಲ್ಲಿ ಓಡಿದ್ದು, ಯಾವುದಾದರೂ ಸಾಕು. ಕಾಕಟೀಲ್ ಇದರಲ್ಲಿ ತುಂಬಾ ಪುಕ್ಕಲು, ಕತ್ತಲಲ್ಲಿ ಬೆದರಿ ತಂತಿಗೆ ಬಡಿದುಕೊಳ್ಳುತ್ತದೆ. ಒಂದು ಜೀರೋ ಬಲ್ಬ್ ದೂರದಲ್ಲಿ ಉರಿಯುತ್ತಿದ್ದರೆ ಬಡಿದುಕೊಳ್ಳುವುದು ತಪ್ಪುತ್ತದೆ.

ಸ್ನಾನದ ಬಗ್ಗೆ ಎರಡೇ ಮಾತು. ಚಳಿಗಾಲದ ಒಣಗಾಳಿಯಲ್ಲಿ, ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಬೆಳಿಗ್ಗೆ ಹೊತ್ತು ಬರೀ ನೀರು ಸ್ಪ್ರೇ ಮಾಡಿದರೆ ಕವಚ ಮೆತ್ತಗಾಗಿ ಬಿಡುತ್ತದೆ, ತುರಿಕೆ ಕಡಿಮೆಯಾಗುತ್ತದೆ. ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದಾಗ, ಸಂಜೆಯ ಮೇಲೆ ಬೇಡ.

ಹೊಟ್ಟೆಗೆ ಏನು ಬೀಳುತ್ತಿದೆ

ಗರಿಯ ಬಹುಪಾಲು ಕೆರಾಟಿನ್ ಅನ್ನುವ ಪ್ರೋಟೀನ್. ಇಡೀ ಮೈಯ ಗರಿ ಹೊಸದಾಗಿ ಹಾಕಿಕೊಳ್ಳಬೇಕಾದರೆ ಎಷ್ಟು ಪ್ರೋಟೀನ್ ಬೇಕು ಯೋಚಿಸಿ. ನಮ್ಮ ಕಡೆ ಹಕ್ಕಿಗೆ ಹಾಕುವುದು ಬರೀ ನವಣೆ. ಸ್ವಲ್ಪ ಉಳ್ಳವರಾದರೆ ಸೂರ್ಯಕಾಂತಿ, ಕುಸುಬಿ. ನವಣೆ ಒಳ್ಳೆಯದೇ. ಆದರೆ ಬರೀ ಒಣಕಾಳಿನಲ್ಲಿ ವಿಟಮಿನ್ ಎ ಇಲ್ಲ ಅನ್ನುವಷ್ಟು ಕಡಿಮೆ, ಸುಣ್ಣದ ಅಂಶವೂ ಕಡಿಮೆ. ಸೂರ್ಯಕಾಂತಿಯಲ್ಲಿ ಎಣ್ಣೆ ಜಾಸ್ತಿ. ಹೊಸ ಗರಿ ಮಂಕಾಗಿ, ಬಿರುಸಾಗಿ ಬರುತ್ತಿದೆ, ಕಾಲಿನ ಚರ್ಮ ಹೊಟ್ಟು ಏಳುತ್ತಿದೆ ಅಂದರೆ ಮೊದಲ ಅನುಮಾನ ಬಟ್ಟಲಿನ ಮೇಲೆ.

ಪರಿಹಾರಕ್ಕೆ ದೂರ ಹೋಗಬೇಕಿಲ್ಲ. ಗದಗ, ಹಾವೇರಿ ಸಂತೆಯಲ್ಲಿ ಸಿಗುವ ಕಿರಕಸಾಲಿ, ಮೆಂತೆ, ನುಗ್ಗೆ ಸೊಪ್ಪು, ಗಜ್ಜರಿ ಚೆನ್ನಾಗಿ ತೊಳೆದು ಹಾಕಿ. ಹೆಸರುಕಾಳು, ಮಡಕಿಕಾಳು ಮೊಳಕೆ ಬರಿಸಿ ಕೊಡಿ. ನವಣೆಯನ್ನೂ ರಾತ್ರಿ ನೆನೆಸಿ ಕೊಡಬಹುದು, ಆದರೆ ಎರಡು ಗಂಟೆಯ ಮೇಲೆ ಬಟ್ಟಲಲ್ಲಿ ಬಿಡಬೇಡಿ, ಹುಳಿಯುತ್ತದೆ. ವಾರಕ್ಕೆರಡು ಸಲ ಬೇಯಿಸಿದ ಮೊಟ್ಟೆಯ ಒಂದು ಚೂರು. ಸುಣ್ಣದ ಅಂಶಕ್ಕೆ ತಂತಿಗೊಂದು ಕಟಲ್ ಬೋನ್, ಅಂದರೆ ಕಟಲ್ ಫಿಶ್ ಅನ್ನುವ ಸಮುದ್ರಜೀವಿಯ ಬಿಳಿ ಒಳಚಿಪ್ಪು. ಎಳೆ ಹಕ್ಕಿ ಹೊಸ ತಿಂಡಿಯನ್ನು ಮೊದಮೊದಲು ಮೂಸಿಯೂ ನೋಡುವುದಿಲ್ಲ. ದಿನಾ ಇಡುತ್ತ ಹೋಗಬೇಕು, ಜೊತೆಗೆ ಅದರ ಹಳೆಯ ಕಾಳು ಇರಲೇಬೇಕು. ಉಪವಾಸ ಕೆಡವಿ ಅಭ್ಯಾಸ ಮಾಡಿಸುವುದು ಮೋಲ್ಟಿಂಗ್ ಸಮಯದಲ್ಲಿ ಖಂಡಿತ ಬೇಡ.

ಹಾವೇರಿ ಕಡೆಯವರು ಕೇಳಿಯೇ ಕೇಳುತ್ತಾರೆ: ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಹಕ್ಕಿಗೆ ಕೆಂಪು ಬಣ್ಣ ಬರುತ್ತಾ? ಬರುವುದಿಲ್ಲ. ಕ್ಯಾನರಿ ಹಕ್ಕಿಗೆ ಹಾಗೆ ಬರುತ್ತದೆ, ಅದು ಆಹಾರದ ಬಣ್ಣವನ್ನು ಗರಿಗೆ ಸೇರಿಸಿಕೊಳ್ಳುತ್ತದೆ. ಗಿಳಿಗಳು ತಮ್ಮ ಕೆಂಪು, ಹಳದಿಯನ್ನು ತಾವೇ ಮೈಯಲ್ಲಿ ತಯಾರಿಸುತ್ತವೆ. ಆದರೂ ಮೆಣಸಿನಕಾಯಿ ಒಳ್ಳೆಯ ತಿಂಡಿಯೇ. ವಿಟಮಿನ್ ಎ ಆಗುವ ಅಂಶ ಅದರಲ್ಲಿದೆ, ಖಾರ ಹಕ್ಕಿಗೆ ಹತ್ತುವುದಿಲ್ಲ. ಗಿಡದ ಹಸಿ ಕಾಯಿ ತೊಳೆದು ಕೊಡಿ. ಶೇಂಗಾ ವಿಷಯದಲ್ಲಿ ಮಾತ್ರ ಹುಷಾರು. ತೇವಕ್ಕೆ ಬೂಸ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಇರುತ್ತದೆ, ಅದು ಯಕೃತ್ತನ್ನು ಹಾಳು ಮಾಡುತ್ತದೆ. ನಾವು ಆರಿಸಿ ಬಿಸಾಡುವ ಸುರುಟಿದ ಕಾಳನ್ನೇ ಹಕ್ಕಿಗೆ ಹಾಕುವ ಅಭ್ಯಾಸ ಬಿಡಬೇಕು. ಬೆಣ್ಣೆಹಣ್ಣು, ಚಾಕೊಲೇಟ್, ಉಳ್ಳಾಗಡ್ಡಿ, ಉಪ್ಪು ಹಾಕಿದ ತಿಂಡಿ ಬೇಡ.

ಟಾನಿಕ್ ಬಗ್ಗೆ: ನೀರಿಗೆ ಹಾಕಿದ ವಿಟಮಿನ್ ಬೆಳಕಿಗೆ, ಶೆಕೆಗೆ ಬೇಗ ಕೆಡುತ್ತದೆ, ನೀರೂ ಕೆಡುತ್ತದೆ. ಎರಡು ಮೂರು ಬಾಟಲಿ ಬೆರೆಸಿದರೆ ವಿಟಮಿನ್ ಎ, ಡಿ3 ಮಿತಿ ಮೀರಿ ವಿಷವಾಗಬಹುದು. ಬಟ್ಟಲು ಸರಿ ಇದ್ದರೆ ಬಾಟಲಿ ಬೇಕಾಗುವುದಿಲ್ಲ.

ವೈದ್ಯರ ಹತ್ತಿರ ಯಾವಾಗ

ಮೋಲ್ಟಿಂಗ್ ಹಕ್ಕಿಯನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ, ಕಾಯಿಲೆ ಮಾಡುವುದಿಲ್ಲ. ಹಗಲೆಲ್ಲ ಮೈ ಉಬ್ಬಿಸಿ ಕಣ್ಣು ಮುಚ್ಚಿ ಕೂತರೆ, ಪಂಜರದ ತಳಕ್ಕೆ ಇಳಿದರೆ, ಉಸಿರಾಡುವಾಗ ಬಾಲ ಕುಣಿಯುತ್ತಿದ್ದರೆ, ತಿನ್ನುವುದು ಬಿಟ್ಟರೆ ಅದನ್ನು ಮೋಲ್ಟಿಂಗ್ ತಲೆಗೆ ಕಟ್ಟಬೇಡಿ. ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ತಂದುಕೊಂಡು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ತೂಕ ಹತ್ತರಲ್ಲಿ ಒಂದು ಭಾಗ ಇಳಿದರೆ ಅಂದೇ ತೋರಿಸಬೇಕು. 90 ಗ್ರಾಂ ಕಾಕಟೀಲ್‌ಗೆ ಅದು ಬರೀ 9 ಗ್ರಾಂ, ಕಣ್ಣಿಗೆ ಕಾಣುವುದೇ ಇಲ್ಲ.

ಎತ್ತಿಟ್ಟ ವಿಕಾರ ಗರಿಗಳ ವಿಷಯ ಈಗ. ಹಿಸುಕಿದ ಬುಡ, ಬಿಡದ ಕವಚ, ಸುರುಳಿ ಗರಿ, ಒಂದು ಸಲಕ್ಕಿಂತ ಇನ್ನೊಂದು ಸಲ ಕೆಟ್ಟದಾಗಿ ಬರುವ ಗರಿ ಕಂಡರೆ ಬೀಕ್ ಅಂಡ್ ಫೆದರ್ ಕಾಯಿಲೆ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಸರ್ಕೋ ವೈರಸ್‌ನಿಂದ ಬರುತ್ತದೆ, ಮೂರು ವರ್ಷದ ಒಳಗಿನ ಎಳೆ ಹಕ್ಕಿಗಳಿಗೇ ಜಾಸ್ತಿ. ಗರಿಯ ಧೂಳು, ಹಿಕ್ಕೆಯಿಂದ ಹರಡುತ್ತದೆ. ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ರಕ್ತ ಮತ್ತು ಗರಿಯ ಪಿಸಿಆರ್ ಪರೀಕ್ಷೆಯಿಂದ ಗೊತ್ತಾಗುತ್ತದೆ, ನೋಡಿ ಹೇಳುವ ಮಾತಲ್ಲ. ಫಲಿತಾಂಶ ಬರುವ ತನಕ ಆ ಹಕ್ಕಿಯನ್ನು ಬೇರೆ ಕೋಣೆಯಲ್ಲಿಡಿ, ಅದರ ಕೆಲಸ ಕೊನೆಗೆ ಮಾಡಿ ಕೈ ತೊಳೆಯಿರಿ, ಹೊಸ ಹಕ್ಕಿ ತರಬೇಡಿ.

ನಮ್ಮ ಭಾಗದ ಪಶು ಆಸ್ಪತ್ರೆಗಳಲ್ಲಿ ದಿನವಿಡೀ ಬರುವುದು ಆಕಳು, ಎಮ್ಮೆ, ಆಡು. ಹಾಗಾಗಿ ಹೋಗುವ ಮೊದಲು ಫೋನ್ ಮಾಡಿ, ಹಕ್ಕಿ ನೋಡುವವರು ಯಾವ ದಿನ ಇರುತ್ತಾರೆ ಕೇಳಿ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಅಲ್ಲೂ ವಿಚಾರಿಸಬಹುದು. ಬಸ್ಸಿನಲ್ಲಿ ಒಯ್ಯುವುದಾದರೆ ತೂತು ಮಾಡಿದ ಗಟ್ಟಿ ಡಬ್ಬಿ, ತಳಕ್ಕೆ ಬಟ್ಟೆ, ನೀರಿನ ಬದಲು ಸೌತೆಕಾಯಿ ಚೂರು. ಕಿಟಕಿ ಗಾಳಿ ನೇರ ಬಡಿಯದಿರಲಿ, ಗರಿ ಕಡಿಮೆ ಇರುವ ಹಕ್ಕಿಗೆ ಚಳಿ ಬೇಗ ಹತ್ತುತ್ತದೆ. ಗರಿಗಳನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಪ್ಲಾಸ್ಟಿಕ್‌ನಲ್ಲಿ ಬೆವತು ಬೂಸ್ಟು ಬರುತ್ತದೆ. ಆ ದಿನದ ಹಿಕ್ಕೆ ಬಿದ್ದ ಕಾಗದ, ತೂಕ ಬರೆದ ಚೀಟಿ, ಹತ್ತು ದಿನದ ಅಂತರದ ಆ ಎರಡು ಫೋಟೋ ಜೊತೆಗಿರಲಿ. ಔಷಧಿ ಬರೆದುಕೊಟ್ಟರೆ ಅದು ಎಷ್ಟು ಗ್ರಾಂ ತೂಕಕ್ಕೆ ಲೆಕ್ಕ ಹಾಕಿದ್ದು, ದಿನಕ್ಕೆ ಎಷ್ಟು ಮಿಲಿ ಲೀಟರ್, ಎಷ್ಟು ದಿನ ಅನ್ನುವುದನ್ನು ಅಲ್ಲೇ ಚೀಟಿಯ ಮೇಲೆ ಬರೆಸಿಕೊಳ್ಳಿ.